ಕರಿಕಜ್ಜಿಗೆ ಸಿಕ್ಕ ಜೋಡಿ

ಚೀಟಿ ಅಕ್ಕನಿಗೆ ಆ ಹೆಸರು ಬಂದದ್ದು ಅವಳ ಕೈಬರಹದಿಂದ. ಮರಗಳ ರೋಗ ಪತ್ತೆ ಹಚ್ಚುವ ಲ್ಯಾಬಿಗೆ ಅವಳು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕಿರುಬೆರಳುದ್ದದ ಟ್ಯೂಬಿನ ಮೇಲೆ ಉಗುರಗಲದ ಚೀಟಿ ಅಂಟಿಸಿ, ಅದರಲ್ಲಿ ತೋಟದ ನಂಬರು, ಮರದ ನಂಬರು, ತಾರೀಖು ಮೂರನ್ನೂ ಮುತ್ತು ಪೋಣಿಸಿದ ಹಾಗೆ ಬರೆಯುವವರು ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. “ಅಕ್ಕಾ, ನೀವು ರಜ ಹಾಕಿದ್ರೆ ಇಲ್ಲಿನ ರೋಗಗಳಿಗೆಲ್ಲ ಹೆಸರೇ ಇರಲ್ಲ,” ಎಂದು ಡಾಕ್ಟರಮ್ಮ ರೇಗಿಸುತ್ತಿದ್ದಳು. ಡಾಕ್ಟರಮ್ಮ ಲ್ಯಾಬಿನ ಮುಖ್ಯಸ್ಥೆ. ವಯಸ್ಸಿನಲ್ಲಿ ಚೀಟಿ ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು, ಮಾತಿನಲ್ಲಿ ಅಷ್ಟೇ ಪಟ್ಟು ದೊಡ್ಡವಳು.

ಸುತ್ತಲಿನ ಕಣಿವೆಯಲ್ಲೆಲ್ಲ ಅಕ್ರೋಟು ತೋಟ. ಆ ಮರಗಳಿಗೆ ಬರುವ ರೋಗಕ್ಕೆ ಪುಸ್ತಕದಲ್ಲಿ ನಾಲಿಗೆ ಹೊರಳದಂಥ ಹೆಸರಿತ್ತು. ತೋಟದವರ ಬಾಯಲ್ಲಿ ಅದು ಕರಿಕಜ್ಜಿ. ತೊಗಟೆಯೊಳಗೆ ಬೂಷ್ಟು ಹೊಕ್ಕು, ಕೊಂಬೆ ಸುತ್ತ ಕಪ್ಪು ಹುಣ್ಣೆದ್ದು, ಮೇಲಿನ ಭಾಗವೆಲ್ಲ ಒಣಗುತ್ತದೆ. ಆದರೆ ಈ ಕಣಿವೆಯ ಕರಿಕಜ್ಜಿ ಸಾಧು. ಇಲ್ಲಿನ ಮರಗಳೆಲ್ಲ ದೊಡ್ಡಮ್ಮ ಎಂಬ ಒಂದೇ ಹಳೆಯ ಮರದ ಕಸಿ. ಆ ಜಾತಿಗೆ ಈ ರೋಗವನ್ನು ತಡೆದುಕೊಳ್ಳುವ ಗಟ್ಟಿತನವಿತ್ತು. ದೊಡ್ಡಮ್ಮನ ಬುಡದಲ್ಲೇ ಕಜ್ಜಿಯ ನಾಲ್ಕು ಗಂಟು ಇದ್ದವು; ಮುಪ್ಪಿನವರ ಕೆಮ್ಮಿನ ಹಾಗೆ, ಇದ್ದರೂ ಕೊಲ್ಲುತ್ತಿರಲಿಲ್ಲ.

ಸಾಧುವಾಗಿರಲು ಕಾರಣವನ್ನು ಡಾಕ್ಟರಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. “ನಮ್ಮ ಬೂಷ್ಟು ಬ್ರಹ್ಮಚಾರಿ. ಇದರಲ್ಲಿ ಎರಡು ಬಗೆ ಉಂಟು, ಎರಡೂ ಸೇರಿದ್ರೇನೇ ಹೊಸ ಸಂತಾನ. ನಮ್ಮಲ್ಲಿರೋದು ಒಂದೇ ಬಗೆ. ತನ್ನನ್ನೇ ತಾನು ಅಚ್ಚು ಹಾಕ್ಕೊಳ್ತಾ ಕೂತಿದೆ ಪಾಪ.” ಡಿಎನ್‌ಎ ಪರೀಕ್ಷೆಯ ಜೆಲ್‌ನಲ್ಲಿ ಈ ಬಗೆಯದಕ್ಕೆ ಗೆರೆ ಮೇಲೆ ಮೂಡುತ್ತದೆ, ಇನ್ನೊಂದು ಬಗೆಯದಕ್ಕೆ ಕೆಳಗೆ. ಇಪ್ಪತ್ತಾರು ವರ್ಷ ಚೀಟಿ ಅಕ್ಕ ನೋಡಿದ್ದು ಮೇಲಿನ ಗೆರೆಯನ್ನೇ.

ಆ ಸೋಮವಾರ ಬೆಳಿಗ್ಗೆ ಅವಳು ಜೆಲ್ಲನ್ನು ನೇರಳೆ ದೀಪದ ಮೇಲಿಟ್ಟು ಮುಚ್ಚಳದ ಗಾಜಿನಿಂದ ಇಣುಕಿದಳು. ಹೊಳೆದಂಡೆಯ ತೋಟದಿಂದ ಬಂದ ಹದಿನೆಂಟು ತೊಗಟೆ ತುಣುಕು, ಹದಿನೆಂಟು ಸಾಲು. ಏಳನೆಯ ಸಾಲಿನಲ್ಲಿ ಗೆರೆ ಕೆಳಗಿತ್ತು. ಹನ್ನೊಂದರಲ್ಲೂ ಕೆಳಗೆ. ಹನ್ನೆರಡರಲ್ಲೂ.

‘ನನ್ನ ಕೈಯೇ ತಪ್ಪಿರಬೇಕು,’ ಎಂದುಕೊಂಡು ಹೊಸ ನೀರು, ಹೊಸ ಬಾಟಲಿ ತೆಗೆದು ಮತ್ತೆ ಮಾಡಿದಳು. ಅದೇ ಬಂತು. ಊಟ ಬಿಟ್ಟು ಮೂರನೆಯ ಸಲ ಮಾಡಿದಳು. ಗೆರೆಗಳು ಹಟ ಹಿಡಿದ ಮಕ್ಕಳ ಹಾಗೆ ಇದ್ದಲ್ಲಿಂದ ಕದಲಲಿಲ್ಲ.

ಡಾಕ್ಟರಮ್ಮ ಬಂದು ನೋಡಿದಳು. ಆ ಹದಿನೆಂಟರ ಡಿಎನ್‌ಎ ಗುರುತುಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿದಳು.

“ಏನಮ್ಮಾ, ಬ್ರಹ್ಮಚಾರಿಗೆ ಹೆಣ್ಣು ಸಿಕ್ತಾ?” ಎಂದು ಚೀಟಿ ಅಕ್ಕ ತಮಾಷೆ ಮಾಡಲು ಹೋದಳು.

“ಮದುವೆನೂ ಆಗಿದೆ ಅಕ್ಕಾ, ಮಕ್ಕಳೂ ಆಗಿವೆ.” ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. “ಮೊದಲೆಲ್ಲ ನೂರು ತುಣುಕು ತಂದ್ರೂ ನೂರಕ್ಕೂ ಒಂದೇ ಮುಖ. ಈಗ ನೋಡಿ, ಹದಿನೆಂಟರಲ್ಲಿ ಹದಿನಾಲ್ಕು ಬೇರೆ ಬೇರೆ. ಒಂದೇ ಬೀಗದಕೈ ಇಟ್ಕೊಂಡು ಮೂವತ್ತು ವರ್ಷ ಬಾಗಿಲಲ್ಲಿ ನಿಂತಿದ್ದ ಕಳ್ಳ, ಈಗ ದಿನಕ್ಕೊಂದು ಹೊಸ ಬೀಗದಕೈ ಕಡೀತಿದ್ದಾನೆ. ಬಾಗಿಲು ಮಾತ್ರ ಎಲ್ಲ ತೋಟದಲ್ಲೂ ಒಂದೇ, ದೊಡ್ಡಮ್ಮಂದು. ಯಾವುದೋ ಒಂದು ಬೀಗದಕೈ ಕೂತ್ಕೊಂಡ್ರೆ...”

“ಕೂತ್ಕೊಂಡ್ರೆ?”

“ಒಂದೇ ಮರಕ್ಕೆ ನಿಲ್ಲಲ್ಲ. ಈ ಜೋಡಿಯ ಬೀಜಕಣ ಮೊದಲ ಮಳೆಗೆ ಸಿಡಿದು ಗಾಳಿ ಹಿಡಿಯುತ್ತೆ. ಮಳೆ ಗುರುವಾರ ಅಂತಿದ್ದಾರೆ. ಅಷ್ಟರೊಳಗೆ ಈ ಎರಡನೇ ಬಗೆ ಯಾವ ಯಾವ ತೋಟದಲ್ಲಿದೆ ಅಂತ ಗೊತ್ತಾದ್ರೆ ಆ ಮರಗಳನ್ನ ಕಡಿದು ಸುಡಬಹುದು. ಗೊತ್ತಾಗಬೇಕಲ್ಲ! ಎಲ್ಲಿಂದ ಬಂತು, ಯಾರು ತಂದ್ರು?”

ಆ ಕೊನೆಯ ಮಾತು ಚೀಟಿ ಅಕ್ಕನ ತಲೆಯಲ್ಲೇ ಸುತ್ತತೊಡಗಿತು. ಯಾಕೆಂದು ಅವಳಿಗೇ ಆಗ ಪೂರ್ತಿ ತಿಳಿಯಲಿಲ್ಲ.

ಮಂಗಳವಾರ ತಿಳಿಯಿತು. ಹಳೆಯ ದಾಸ್ತಾನಿನಲ್ಲಿ ಹೊರಗಿನಿಂದ ಬಂದ ಟ್ಯೂಬುಗಳನ್ನೆಲ್ಲ ಡಾಕ್ಟರಮ್ಮ ಪರೀಕ್ಷೆಗೆ ಹಾಕಿಸಿದ್ದಳು. ಸಂಜೆ ನಾಲ್ಕಕ್ಕೆ ಒಂದು ಆ ಕೆಳಗಿನ ಗೆರೆಯದಕ್ಕೆ ತಾಳೆಯಾಯಿತು. ಮೂವತ್ತೊಂದನೆಯ ಪೆಟ್ಟಿಗೆ, ನಾಲ್ಕನೆಯ ಟ್ಯೂಬು. ಒಂಬತ್ತು ವರ್ಷ ಹಳೆಯದು, ಬಲು ದೂರದ ತೋಟದಿಂದ ಪರೀಕ್ಷೆಗೆ ಬಂದ ಅಕ್ರೋಟು ಕಡ್ಡಿಗಳದ್ದು. ರಿಜಿಸ್ಟರಿನ ಷರಾ ಕಾಲಂನಲ್ಲಿ ಮುತ್ತಿನಂಥ ಅಕ್ಷರ: ‘ಮರ ಆರೋಗ್ಯವಾಗಿದೆ. ಸುತ್ತಲಿನವೆಲ್ಲ ಸತ್ತಿವೆ.’

“ಆದ್ರೆ ಇದು ನಮ್ಮ ಫ್ರೀಜರ್ ಬಿಟ್ಟು ಕದಲಿಲ್ಲ,” ಡಾಕ್ಟರಮ್ಮ ತಲೆ ಕೆರೆದುಕೊಂಡಳು. “ಉಳಿದ ಕಡ್ಡಿಗಳನ್ನ ಬೇಯಿಸಿ ಬಿಸಾಡಿರ್ತೀವಿ, ಅದು ನಮ್ಮ ನಿಯಮ. ಇಲ್ಲಿಂದ ಜೀವ ಇರೋದು ಯಾವುದೂ ಆ ಬಾಗಿಲು ದಾಟಲ್ಲ. ಬೇರೆ ಯಾರೋ ಆ ಕಡೆಯಿಂದ ಗಿಡ ತಂದಿರ್ಬೇಕು. ಹೋಗ್ಲಿ ಬಿಡಿ, ಮೂಲ ತಿಳಿದಿಲ್ಲ ಅಂತ ಬರೆದುಬಿಡ್ತೀನಿ. ಏನ್ಮಾಡೋದು?”

ಚೀಟಿ ಅಕ್ಕ ತಲೆಯಾಡಿಸಿದಳು. ಅವಳ ಕಣ್ಣು ಗೂಟಕ್ಕೆ ನೇತುಹಾಕಿದ ತನ್ನ ಊಟದ ಡಬ್ಬಿಯ ಚೀಲದ ಮೇಲಿತ್ತು.

ಅವಳ ಅಣ್ಣ ಕಸಿ ಕಟ್ಟುವವನು. ಕಣಿವೆಯ ಮುಕ್ಕಾಲು ಮರ ಅವನ ಚಾಕು ಕಂಡವೇ. ಒಂಬತ್ತು ವರ್ಷದ ಹಿಂದೆ ಅವನ ತಲೆಗೆ ಒಂದು ಹುಳ ಹೊಕ್ಕಿತ್ತು: “ಎಲ್ಲ ಮರವೂ ಒಬ್ಬ ತಾಯಿಯ ಮಕ್ಕಳು. ನಾಳೆ ಒಂದು ರೋಗ ಬಂದ್ರೆ ಒಂದೇ ಏಟಿಗೆ ಮನೆ ಖಾಲಿ. ಹೊಸ ರಕ್ತ ಬೇಕು.” ಆ ಹುಳವನ್ನು ಬಿಟ್ಟವಳೂ ಚೀಟಿ ಅಕ್ಕನೇ, ಲ್ಯಾಬಿನಲ್ಲಿ ಕೇಳಿದ್ದನ್ನು ಊಟದ ಹೊತ್ತಿನಲ್ಲಿ ಅಣ್ಣನಿಗೆ ಹೇಳುವುದು ಅವಳ ಚಾಳಿ. ಅದೇ ದಿನಗಳಲ್ಲಿ ಆ ದೂರದ ಕಡ್ಡಿಗಳ ಕಟ್ಟು ಲ್ಯಾಬಿಗೆ ಬಂತು. ಸತ್ತ ತೋಟದ ನಡುವೆ ಹಸಿರಾಗಿ ನಿಂತ ಮರ! ಹಸಿರು ಕಡ್ಡಿ, ನಯವಾದ ತೊಗಟೆ, ಒಂದು ಚುಕ್ಕೆಯಿಲ್ಲ. ಬೇಯಿಸಿ ಬಿಸಾಡಲು ಅವಳ ಕೈ ಬರಲಿಲ್ಲ. ನಾಲ್ಕು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು ಅಣ್ಣನಿಗೆ ಒಯ್ದು ಕೊಟ್ಟಿದ್ದಳು.

ಮೂರು ವಾರದ ಮೇಲೆ ಆ ಕಡ್ಡಿಯ ತುಣುಕಿಟ್ಟ ಗಾಜಿನ ತಟ್ಟೆಯಲ್ಲಿ ಬೂದಿ ಬಣ್ಣದ ಬೂಷ್ಟು ಎದ್ದಿತ್ತು. ಅದಕ್ಕೆ ಚೀಟಿ ಅಂಟಿಸಿ ಫ್ರೀಜರಿಗೆ ಹಾಕಿದವಳೂ ಅವಳೇ. ಯಾವ ಬೂಷ್ಟೆಂದು ಯಾರೂ ನೋಡಲಿಲ್ಲ. ಆ ಕೆಲಸ ಅಲ್ಲಿಗೇ ನಿಂತಿತ್ತು. ‘ಯಾವ ಕಡ್ಡಿಯಲ್ಲಿ ಏನೂ ಏಳಲ್ಲ ಹೇಳು,’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆ ಮರ ರೋಗವಿಲ್ಲದ್ದಲ್ಲ, ರೋಗವನ್ನು ಮಡಿಲಲ್ಲಿ ಮಲಗಿಸಿಕೊಂಡದ್ದು ಎಂದು ಈಗ ಅರ್ಥವಾಗುತ್ತಿತ್ತು.

ಬುಧವಾರ ಮಧ್ಯಾಹ್ನ ಅರ್ಧ ದಿನ ರಜ ಹಾಕಿ ಅವಳು ಅಣ್ಣನ ಮನೆಗೆ ಹೋದಳು. ಗಾಳಿ ಸತ್ತುಹೋಗಿತ್ತು. ಬೆಟ್ಟದ ಹಿಂದೆ ಮೋಡ ಒದ್ದೆ ಕಂಬಳಿಯ ಹಾಗೆ ಜೋತಿತ್ತು.

“ಬಂದ್ಳಪ್ಪಾ ನಿನ್ನ ತಂಗಿ!” ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ಕೂಗಿದಳು. “ಭಾನುವಾರ ಬರೋಳು ಬುಧವಾರ ಬಂದಿದ್ದಾಳೆ. ಕೆಲಸ ಗಿಲಸ ಬಿಡಿಸಿದ್ರಾ ಹೇಗೆ?”

“ಇನ್ನೂ ಇಲ್ಲ ಅತ್ತಿಗೆ,” ಎಂದಳು ಚೀಟಿ ಅಕ್ಕ. ಅತ್ತಿಗೆ ನಕ್ಕಳು, ಅವಳು ನಗಲಿಲ್ಲ.

ತಗಡಿನ ಶೆಡ್ಡಿನಲ್ಲಿ ಅಣ್ಣ ಮೇಣ ಕಾಯಿಸುತ್ತ ಕೂತಿದ್ದ. ಬೆಂಚಿನ ಮೇಲೆ ಕಸಿಕಡ್ಡಿಯ ಕಟ್ಟುಗಳು ಒದ್ದೆ ಗೋಣಿಯಲ್ಲಿ ಸಾಲಾಗಿದ್ದವು. ದೊಡ್ಡಮ್ಮನ ಕಟ್ಟುಗಳಿಗೆ ಚೀಟಿ ಬರೆಯುವುದು ಭಾನುವಾರದ ಅವಳ ಕೆಲಸ. ಅಣ್ಣ ಓದುಬರಹಕ್ಕೆ ದೂರ. ಯಾವ ಕಸಿ ಯಾವ ತೋಟಕ್ಕೆ ಹೋಯಿತೆನ್ನುವ ಲೆಕ್ಕವೆಲ್ಲ ಅವನ ತಲೆಯಲ್ಲಿ.

“ಒಳ್ಳೇ ಹೊತ್ತಿಗೆ ಬಂದೆ,” ಎಂದ. “ನಾಳೆ ಲಾರಿ ಬರುತ್ತೆ. ಆಚೆ ಕಣಿವೆಯವ್ರೂ ಕೇಳಿದ್ದಾರೆ ನಿನ್ನ ಮರಾನ.”

“ಯಾವ ನನ್ನ ಮರ?”

“ಅದೇ, ನಾಲ್ಕು ಕಡ್ಡಿ ತಂದ್ಕೊಟ್ಟಿದ್ಯಲ್ಲ. ಅದಕ್ಕೆ ‘ತಂಗಿ’ ಅಂತ್ಲೇ ಹೆಸರಿಟ್ಟಿದ್ದೀನಿ. ಎಲ್ರೂ ಹಾಗೇ ಕರೆಯೋದು. ನಿಂಗೆ ಹೇಳಿರ್ಲಿಲ್ಲ, ಅದರ ಕಟ್ಟಿಗೆ ಚೀಟಿನೂ ಬರೆಸಿರ್ಲಿಲ್ಲ, ಕಾಯಿ ತುಂಬಿದ ವರ್ಷ ಹೇಳೋಣ ಅಂತಿದ್ದೆ. ಬಾ, ನೋಡ್ಬಾ.”

ಶೆಡ್ಡಿನ ಹಿಂದೆ, ಭಾನುವಾರಗಳಲ್ಲಿ ಅವಳು ಕಾಲಿಡದ ಕಡೆ, ಆ ಮರ ನಿಂತಿತ್ತು. ಅಷ್ಟು ತುಂಬಿದ, ಅಷ್ಟು ಹೊಳೆಯುವ ಎಲೆಯನ್ನು ಅವಳು ಬೇರೆ ಯಾವ ಅಕ್ರೋಟಿನಲ್ಲೂ ಕಂಡಿರಲಿಲ್ಲ. ಹಾಲಿನಂಥ ತೊಗಟೆ.

“ಅಣ್ಣಾ, ಒಂದು ಕೊಂಬೆ ಸೀಳು.”

“ಹುಚ್ಚಾ ನಿಂಗೆ?”

“ಸೀಳು ಅಂದ್ನಲ್ಲ.”

ಅವಳ ದನಿ ಕೇಳಿ ಅವನು ಎದುರಾಡಲಿಲ್ಲ. ಹೆಬ್ಬೆರಳು ದಪ್ಪದ ರೆಂಬೆ ಕತ್ತರಿಸಿ, ಚಾಕುವಿನಿಂದ ಉದ್ದಕ್ಕೆ ಸೀಳಿದ. ಬಿಳಿಯ ತಿರುಳಿನ ನಡುವೆ, ಕೂದಲೆಳೆಯಷ್ಟೇ ತೆಳ್ಳಗೆ, ಕಂದು ಗೆರೆಯೊಂದು ಈ ತುದಿಯಿಂದ ಆ ತುದಿಯವರೆಗೆ ಹರಿದಿತ್ತು. ಅವನು ಅಭ್ಯಾಸಬಲದಿಂದ ಚಾಕುವನ್ನು ತೊಡೆಗೆ ಕಟ್ಟಿದ ಬಟ್ಟೆಗೆ ಒರೆಸಿದ. ನಲವತ್ತು ವರ್ಷದಿಂದ ಹಾಗೇ ಒರೆಸುತ್ತಿದ್ದ. ಒಂದು ಮರಕ್ಕೂ ಮುಂದಿನ ಮರಕ್ಕೂ ನಡುವೆ ಆ ಬಟ್ಟೆಯೊಂದೇ.

ಚೀಟಿ ಅಕ್ಕ ಎಲ್ಲ ಹೇಳಿದಳು. ಡಬ್ಬಿಯಿಂದ ಹಿಡಿದು ಕೆಳಗಿನ ಗೆರೆಯವರೆಗೆ. ಅವನು ಆ ಸೀಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಯಾರಿಗೆ ಗೊತ್ತು ಇದು?”

“ನನಗೆ. ಈಗ ನಿನಗೆ.”

“ಹಾಗಾದ್ರೆ ಇಲ್ಲೇ ಇರ್ಲಿ.” ಅವನ ದನಿ ಮೆತ್ತಗಿತ್ತು. “ಮೂಲ ಗೊತ್ತಿಲ್ಲ ಅಂತ ಅವರೇ ಬರೀತಿದ್ದಾರಲ್ಲ. ನಿನ್ನ ಕೆಲಸ ಹೋಗುತ್ತೆ. ನನ್ನ ಕೈಲಿ ಇನ್ಯಾರೂ ಕಸಿ ಕಟ್ಟಿಸಲ್ಲ. ಮರ ಚೆನ್ನಾಗೇ ಇದೆ, ನೋಡು!”

“ಮರ ಚೆನ್ನಾಗಿದೆ ಅಣ್ಣಾ. ಅದರ ಪಕ್ಕದ್ದು ಸಾಯುತ್ತೆ. ಅದು ಬಂದ ತೋಟದಲ್ಲೂ ಹಾಗೇ ಇತ್ತು. ನಾನೇ ಬರೆದಿದ್ದೆ, ನನ್ನ ಕೈಯಾರೆ. ಬರೆದೆ, ಓದ್ಲಿಲ್ಲ.”

ಅವನು ಮೇಣದ ಪಾತ್ರೆಯ ಕೆಳಗಿನ ಉರಿ ಆರಿಸಿದ. ಅಂಗಳದಲ್ಲಿ ಅತ್ತಿಗೆ ಬಕೆಟ್ಟು ಎಳೆಯುತ್ತಿದ್ದಳು.

“ಮಳೆ ಬರೋಕೆ ಮುಂಚೆ ಕಡಿದ್ರೆ ನಿಲ್ಲುತ್ತಾ?”

“ನಿಲ್ಲಬಹುದು. ಎಲ್ಲೆಲ್ಲಿ ಇದೆ ಅಂತ ಗೊತ್ತಾಗಬೇಕು. ನೀನೊಬ್ಬನೇ ಹೇಳೋಕಾಗೋದು.”

ಅವನು ಬೆಂಚಿನ ಮೇಲೆ ಕೂತ. “ಬರ್ಕೋ,” ಎಂದ.

ಮೊದಲು ಅವಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. “ಅಮ್ಮಾ, ‘ಮೂಲ ತಿಳಿದಿಲ್ಲ’ ಅಂತ ಬರೀಬೇಡಿ. ಮೂಲ ನಾನು. ಬೈಯೋದೆಲ್ಲ ಆಮೇಲೆ ಬೈಯಿರಿ. ಇನ್ನರ್ಧ ಗಂಟೇಲಿ ತೋಟಗಳ ಪಟ್ಟಿ ಓದಿ ಹೇಳ್ತೀನಿ, ಕಡಿಯೋ ಜನಾನ ಸಿದ್ಧ ಮಾಡಿ.” ಉತ್ತರಕ್ಕೆ ಕಾಯದೆ ಫೋನು ಇಟ್ಟು ಪೆನ್ನು ತೆಗೆದಳು.

ಅಣ್ಣ ಕಣ್ಣುಮುಚ್ಚಿ ಒಂದೊಂದೇ ಹೇಳತೊಡಗಿದ. ಬಾವಿ ತೋಟ, ಪೂರ್ವದ ಸಾಲು, ಮೂರನೇ ಮರ. ಸೇತುವೆ ತೋಟ, ಗೇಟಿನ ಎರಡು ಮರ. ಹೊಳೆದಂಡೆ, ಬೇಲಿಗೆ ಹತ್ತಿದ ಐದು. ಹೆಸರು ಬಂದಂತೆಲ್ಲ ಅವಳು ಬರೆದಳು. ನಲವತ್ತೊಂದಾಯಿತು. ಅವಳ ಎದೆ ಕೊಂಚ ಹಗುರವಾಗಿತ್ತು. ನಲವತ್ತೊಂದು ತೋಟವೆಂದರೆ ಒಂದು ರಾತ್ರಿ ಒಂದು ಹಗಲಿನ ಕೆಲಸ, ಗರಗಸ ಸಾಕಷ್ಟಿದ್ದರೆ ಆಗದ್ದಲ್ಲ.

“ಅಷ್ಟೇನಾ?”

ಅವನು ಕಣ್ಣು ತೆರೆಯಲಿಲ್ಲ. “ಇನ್ನೊಂದಿದೆ.”

“ಹೇಳು.”

“ದೊಡ್ಡಮ್ಮ.”

ಅವಳ ಪೆನ್ನು ನಿಂತಿತು.

“ವಯಸ್ಸಾಗಿತ್ತಲ್ವಾ ಅದಕ್ಕೆ. ಒಂದು ಕಡೆ ಕೊಂಬೆ ಒಣಗ್ತಾ ಬಂದಿತ್ತು. ಎಳೇ ರಕ್ತ ಸೇರಿದ್ರೆ ಚೇತರಿಸಿಕೊಳ್ಳುತ್ತೆ ಅಂತ ತಂಗಿಯ ಎರಡು ಕಡ್ಡಿ ಅದರ ಮೈಗೇ ಕಟ್ಟಿದೆ. ಐದು ವರ್ಷ ಆಯ್ತು. ಎಷ್ಟು ಚೆನ್ನಾಗಿ ಕೂಡ್ಕೊಂಡಿದೆ ಗೊತ್ತಾ, ಕಸಿ ಮಾಡಿದ ಗುರುತೇ ಕಾಣಲ್ಲ.”

ದೊಡ್ಡಮ್ಮನ ಬುಡದ ನಾಲ್ಕು ಗಂಟು ಚೀಟಿ ಅಕ್ಕನ ಕಣ್ಣ ಮುಂದೆ ಬಂದವು. ಹಳೆಯ ಸಾಧು ಕೆಳಗೆ, ಹೊಸಬಳು ಮೇಲೆ, ಒಂದೇ ಮೈಯಲ್ಲಿ. ಜೋಡಿ ಕೂಡಿದ್ದು ಹೊಳೆದಂಡೆಯಲ್ಲಲ್ಲ.

“ಅಣ್ಣಾ, ಐದು ವರ್ಷದಲ್ಲಿ ದೊಡ್ಡಮ್ಮನಿಂದ ಎಷ್ಟು ಕಸಿಕಡ್ಡಿ ತೆಗೆದಿದ್ದೀಯ? ಎಲ್ಲೆಲ್ಲಿಗೆ ಹೋಗಿವೆ?”

ಈಗ ಅವನು ಕಣ್ಣು ಬಿಟ್ಟ. ಗೋಡೆಗೆ ತಗುಲಿಸಿದ್ದ ಉಳಿದ ಚೀಟಿಗಳ ಗೊಂಚಲನ್ನು ನೋಡಿದ. ಒಂದೊಂದರ ಮೇಲೂ ಮುತ್ತು ಪೋಣಿಸಿದ ಹಾಗೆ ‘ದೊಡ್ಡಮ್ಮ’ ಎಂದು ಬರೆದಿತ್ತು.

“ಅದನ್ನ ನನ್ನ ಕೇಳ್ತೀಯಲ್ಲೇ,” ಎಂದ. “ಚೀಟಿ ಎಲ್ಲ ನೀನೇ ಬರೆದದ್ದು. ದೊಡ್ಡಮ್ಮನ ಕಡ್ಡಿ ಹೋಗದ ತೋಟ ಯಾವುದಿದೆ?”

ತಲೆಯ ಮೇಲಿನ ತಗಡಿಗೆ ಟಪ್ಪೆಂದು ಏನೋ ಬಿತ್ತು. ಕಾಯಿಯಿರಬೇಕೆಂದು ಇಬ್ಬರೂ ಮೇಲೆ ನೋಡಿದರು. ಮತ್ತೊಂದು ಬಿತ್ತು. ಆಮೇಲೆ ಮೂರು ನಾಲ್ಕು ಒಟ್ಟಿಗೆ.

“ಅಯ್ಯೋ, ನಾಳೆ ಬರ್ತೀನಿ ಅಂದಿತ್ತಲ್ಲ ಇದು!” ಅಂಗಳದಲ್ಲಿ ಅತ್ತಿಗೆ ನಗುತ್ತ ಕೂಗಿ, ಹಗ್ಗದ ಮೇಲಿನ ಬಟ್ಟೆ ಬಾಚಿಕೊಂಡು ಒಳಗೆ ಓಡಿದಳು.

ಚೀಟಿ ಅಕ್ಕ ಪಟ್ಟಿಯ ಕೊನೆಗೆ ನಲವತ್ತೆರಡು ಎಂದು ಹಾಕಿ, ಅದರ ಮುಂದೆ ‘ದೊಡ್ಡಮ್ಮ’ ಎಂದು ಬರೆದಳು. ಅವಳ ಅಕ್ಷರ ಮೊದಲ ಸಲ ಸೊಟ್ಟಗಾಯಿತು. ತಗಡಿನ ಸದ್ದಿನಲ್ಲಿ ಫೋನು ಹೊಡೆದುಕೊಳ್ಳುತ್ತಿದ್ದದ್ದು ಅವಳಿಗೆ ಬಹಳ ಹೊತ್ತಿನವರೆಗೆ ಕೇಳಿಸಲಿಲ್ಲ.