ಬಾಯಿಬಡಕಿಯರ ನಾಲ್ಕನೆಯ ಹಾಡು

ಹುಬ್ಬಳ್ಳಿಯಿಂದ ಗದಗಿಗೆ ಬರುವ ದಾರಿಯುದ್ದಕ್ಕೂ ನಿಶಾತ ಕಿಟಕಿಯಾಚೆಗೇ ನೋಡುತ್ತ ಕೂತಿದ್ದಳು. ಗಂಡ ನಯಾಜನ ಟೆಂಪೊದ ಹಿಂಬದಿಯಲ್ಲಿ ಹಗ್ಗ ಬಿಗಿದಿಟ್ಟ ಡ್ರಮ್ಮುಗಳು ರಸ್ತೆಯಲ್ಲಿ ತಗ್ಗು ಬಂದಲ್ಲೆಲ್ಲ ತಾವೇ ಒಂದೆರಡು ಪೆಟ್ಟು ಬಾರಿಸಿಕೊಂಡು ಸುಮ್ಮನಾಗುತ್ತಿದ್ದವು. ತೊಡೆಯ ಮೇಲೆ ಏಳು ತಿಂಗಳ ಮುನ್ನಿ ಹಾಲು ಕುಡಿದು ನಿದ್ದೆ ಹೋಗಿದ್ದಳು. ಅಣ್ಣಿಗೇರಿ ದಾಟಿದ ಮೇಲೆ ನಯಾಜ ಮೆಲ್ಲಗೆ ಬಾಯಿ ತೆಗೆದ.

"ಇರ್ಲಿ ಬಿಡು. ಕೂಸು ಹುಟ್ಟಿದ ಮ್ಯಾಲೆ ಕೈ ಬ್ಯಾರೆ ಕೆಲಸಕ್ಕ ರೂಢಿ ಬಿದ್ದಾವ. ಅದರಾಗ ನಿಂದೇನ ತಪ್ಪೈತಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಗುಳ ಅವಳಿಗೆ ಹೊಸದಲ್ಲ. ಈ ಮೆತ್ತನೆಯ ಮಾತು ಹೊಸದು. ಅವಳು ಕೂಸಿನ ಕುಲಾಯಿ ಸರಿಮಾಡಿದಳು, ಅಷ್ಟೆ.

ಹುಬ್ಬಳ್ಳಿಯ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಆದದ್ದು ಹೀಗೆ. ಗೋಡೆಗೆಲ್ಲ ಸ್ಪಂಜು ಹಚ್ಚಿದ ಕೋಣೆ. ಬಾಗಿಲು ಮುಚ್ಚಿದೊಡನೆ ತನ್ನ ಉಸಿರು ತನಗೇ ಕೇಳುವಷ್ಟು ಸದ್ದಡಗಿತು. ಮೊದಲ ಹಾಡು ಶುರುವಾದ ಸ್ವಲ್ಪ ಹೊತ್ತಿಗೇ ನಿಶಾತಳ ಡ್ರಮ್ಮಿನ ಕೋಲುಗಳು ಹಗ್ಗ ಬಿಚ್ಚಿಕೊಂಡ ಕರುವಿನಂತೆ ಮುಂದೆ ಓಡಿದವು. ಹಿಡಿದು ಎಳೆದರೆ ತೀರ ಹಿಂದೆ ಬಿದ್ದವು. ಗೆಳತಿ ಅಫ್ರೀನಳ ಗಿಟಾರು ತಾಳ ಹುಡುಕಿ ಸೋತಿತು. ಹಾಡುವ ಗೆಳತಿ ಪ್ರಿಯಾಂಕಾ ಸಾಲಿನ ನಡುವೆಯೇ ಹಾಡು ನಿಲ್ಲಿಸಿದಳು. ರೆಕಾರ್ಡಿಂಗ್ ಮಾಡುವ ಸುಭಾಷ ನಿಶಾತಳ ಕಿವಿಗೆ ತಾಳ ತೋರಿಸುವ ಟಿಕ್ ಟಿಕ್ ಸದ್ದು ಕೊಟ್ಟು ನೋಡಿದ. ಆಗ ಇನ್ನೂ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅವನೂ ನಯಾಜನಷ್ಟೇ ಮೆತ್ತಗಾಗಿದ್ದ.

"ಬ್ಯಾಸರ ಮಾಡ್ಕೋಬ್ಯಾಡವಾ ತಂಗಿ. ಡ್ರಮ್ ನಾ ಮಶೀನದಾಗ ಹಾಕ್ತೀನಿ. ಕೇಳೋರಿಗೆ ಗೊತ್ತಾಗಂಗಿಲ್ಲ."

ಯೋಚಿಸಿ ಹೇಳುತ್ತೇವೆ ಎಂದರು ಅಫ್ರೀನ, ಪ್ರಿಯಾಂಕಾ ಇಬ್ಬರೂ. ಅಫ್ರೀನಳಿಗೆ ಬೀದರ ಕಡೆಯ ಶಾಲೆಯಲ್ಲಿ ನೌಕರಿ ಆಗಿತ್ತು; ಬರುವ ತಿಂಗಳು ಹೋಗಿ ಹಾಜರಾಗಬೇಕು. ಹಾಡುಗಳು ಅಷ್ಟರೊಳಗೆ ರೆಕಾರ್ಡ್ ಆಗದಿದ್ದರೆ ಎಂದೂ ಆಗುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು. ಮಶೀನು ಒಮ್ಮೆ ತನ್ನ ಜಾಗದಲ್ಲಿ ಕೂತರೆ ತಾನು ಮತ್ತೆ ಆ ಜಾಗದಲ್ಲಿ ಕೂರುವುದಿಲ್ಲ ಎನ್ನುವುದು ಮಾತ್ರ ನಿಶಾತಳಿಗೊಬ್ಬಳಿಗೇ ಗೊತ್ತಿತ್ತು.

ಮೂವರೂ ಗದಗಿನಲ್ಲಿ ಕಾಲೇಜು ಓದುವಾಗ ಕೂಡಿಕೊಂಡವರು. ಅಫ್ರೀನ ಮುಳಗುಂದದವಳು, ಅಣ್ಣ ಕೊಂಡು ಮೂಲೆಗೆ ಹಾಕಿದ್ದ ಗಿಟಾರು ಅವಳ ಕೈಗೆ ಬಂದಿತ್ತು. ಪ್ರಿಯಾಂಕಾ ಅಡರಕಟ್ಟಿಯವಳು. ಅವಳ ತಾಯಿ ಮಂಜವ್ವ ಇಲ್ಲದೆ ಆ ಊರಿನಲ್ಲಿ ಮದುವೆಯೇ ಆಗುವುದಿಲ್ಲ. ಬೀಗರನ್ನು ಹಂಗಿಸಿ ಹಾಡುವವಳು ಅವಳೇ. ಗಂಡಿನ ಅಪ್ಪನ ಹೊಟ್ಟೆಯಿಂದ ಹಿಡಿದು ಅತ್ತೆಯ ನಡಿಗೆಯವರೆಗೆ ಯಾವುದನ್ನೂ ಬಿಡುವುದಿಲ್ಲ. ಹಾಡಿನಲ್ಲಿ ಹೆಸರು ಬಂದವರು ನಗಬೇಕು, ಸಿಟ್ಟಾಗಬಾರದು, ಅದು ಪದ್ಧತಿ. ಮದುವೆ ದಿನ ಆಡಬಹುದಾದ ಮಾತನ್ನು ಉಳಿದ ದಿನ ಯಾಕೆ ಆಡಬಾರದು ಎಂದು ಪ್ರಿಯಾಂಕಾ ಒಮ್ಮೆ ಕೇಳಿದ್ದೇ ತಂಡ ಹುಟ್ಟಲು ಕಾರಣ. ಡ್ರಮ್ಮು ಸಿಕ್ಕಿದ್ದು ಮುಂಡರಗಿಯಲ್ಲಿ. ಖಾಸಿಂಸಾಬ ತನ್ನ ಮದುವೆ ಬ್ಯಾಂಡು ಬಿಟ್ಟು ಡೀಜೆಗೆ ತಿರುಗಿದಾಗ ಹಳೆಯ ಸಾಮಾನು ಮಾರಿದ್ದ. ದೊಡ್ಡ ಡ್ರಮ್ಮಿನ ಮುಖದ ಮೇಲೆ ಕೆಂಪಕ್ಷರದಲ್ಲಿ ಅವನ ಕಂಪನಿಯ ಹೆಸರು ಇನ್ನೂ ಇತ್ತು. ಅಳಿಸಲು ಯಾರಿಗೂ ಪುರಸತ್ತಾಗಲಿಲ್ಲ.

ಬಾರಿಸುವುದೆಲ್ಲಿ? ಹಾಸ್ಟೆಲಿನಲ್ಲಿ ಸಾಧ್ಯವಿಲ್ಲ, ಯಾರ ಮನೆಯಲ್ಲೂ ಸಾಧ್ಯವಿಲ್ಲ. ಆದರೆ ಬೆಟಗೇರಿಯಲ್ಲಿ ನಿಶಾತಳ ತಂದೆ ಅಲ್ಲಾಸಾಬನ ನಾಲ್ಕು ಪವರ್‌ಲೂಮ್ ಮಗ್ಗಗಳ ತಗಡಿನ ಶೆಡ್ ಇತ್ತು. ಮಗ್ಗ ನಡೆಯುವಾಗ ಒಳಗೆ ಕೊಲೆಯಾದರೂ ಓಣಿಗೆ ಕೇಳುವುದಿಲ್ಲ. ಅವನು ಮಧ್ಯಾಹ್ನ ಊಟಕ್ಕೆ, ನಮಾಜಿಗೆ ಹೋದಾಗ ಮಗ್ಗ ನೋಡಿಕೊಳ್ಳುವುದು ಮಗಳ ಕೆಲಸ. ಆ ಹೊತ್ತಿನಲ್ಲೇ ಅಭ್ಯಾಸ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗಿನ ನೂಲಿನ ಸುತ್ತು, ಅಂದರೆ ಕಂಡಿಕೆ, ಖಾಲಿಯಾದಾಗ ಅವಳು ಎದ್ದು ಹೋಗಿ ಬೇರೆಯದನ್ನು ಹಾಕಬೇಕು. ಹಾಗಾಗಿ ಅವರ ಯಾವ ಹಾಡೂ ಒಂದು ಕಂಡಿಕೆ ಮುಗಿಯುವುದಕ್ಕಿಂತ ಉದ್ದ ಇರಲಿಲ್ಲ. ಮೂವರು ಹುಡುಗಿಯರು ಶೆಡ್ಡಿಗೆ ಹೋಗುವುದನ್ನು ದಿನಾ ನೋಡುತ್ತಿದ್ದ ಎದುರುಮನೆಯ ಯಮನೂರಪ್ಪ, "ಬಂದ್ರು ನೋಡು ಬಾಯಿಬಡಕ್ಯಾರು" ಎಂದು ಕಟ್ಟೆಯ ಮೇಲಿಂದ ಹೇಳಿದ್ದ. ತಂಡಕ್ಕೆ ಹೆಸರು ಹುಡುಕುವ ಕೆಲಸ ತಪ್ಪಿತು.

ಮೂರು ವರ್ಷ ಹಾಡಿದರು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಎರಡನೆಯ ಹಾಡಿಗೇ ಮೈಕು ಬಂದ್ ಮಾಡಿದರು. ಪ್ರಿಯಾಂಕಾ ಮೈಕಿಲ್ಲದೆ ಮುಗಿಸಿದಳು. ಮುಂಡರಗಿಯಲ್ಲಿ ಮಹಿಳಾ ಸಂಘದ ಕಾರ್ಯಕ್ರಮದಲ್ಲಿ ಹಾಡಿದರು. ಶಿರಹಟ್ಟಿಯಲ್ಲಿ ಗಂಡಸರು ಎದ್ದು ಹೋದರು, ಹಿಂದೆ ಕೂತಿದ್ದ ಹೆಂಗಸರು ಖಾಲಿಯಾದ ಮುಂದಿನ ಜಾಗಕ್ಕೆ ಬಂದು ಕೂತರು. ಧಾರವಾಡದಿಂದ ಬಂದಿದ್ದ ಎಂ.ಎ. ಓದುವ ಹುಡುಗಿ ಇಂಥ ಸಿಟ್ಟಿನ ಹಾಡಿಗೆ ಪಂಕ್ ಅನ್ನುತ್ತಾರೆ, ಹೊರದೇಶದಲ್ಲೂ ಹೆಣ್ಣುಮಕ್ಕಳು ಹೀಗೆಯೇ ಹಾಡುತ್ತಾರೆ ಎಂದಾಗ ಪ್ರಿಯಾಂಕಾ, "ಅಲ್ಲೂ ಬೀಗರ ಕಾಟ ಐತೇನ್ರಿ?" ಎಂದು ಕೇಳಿದ್ದಳು. ಆಮೇಲೆ ನಿಶಾತಳ ಮದುವೆಯಾಯಿತು, ಮುನ್ನಿ ಹುಟ್ಟಿದಳು, ಒಂದೂವರೆ ವರ್ಷ ಡ್ರಮ್ಮಿನ ಮೇಲೆ ಧೂಳು ಕೂತಿತು.

ಹುಬ್ಬಳ್ಳಿಗೆ ಹೋಗಿಬಂದ ಮರುದಿನ ಅವಳು ಕೂಸನ್ನೆತ್ತಿಕೊಂಡು ತವರಿನ ಶೆಡ್ಡಿಗೆ ಬಂದಳು. ಕರೆಂಟ್ ತೆಗೆಯುವ ವೇಳೆ. ಮಗ್ಗ ನಿಂತಿದ್ದವು. ತಾಯಿ ಅಲ್ಮಾಸಬಿ ಮುನ್ನಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೈರಾಟಿಯಲ್ಲಿ ಕಂಡಿಕೆ ಸುತ್ತುತ್ತ ಕೂತಳು. ಮೂಲೆಯಲ್ಲಿ ಇಳಿಸಿಟ್ಟಿದ್ದ ಡ್ರಮ್ಮಿನ ಮುಂದೆ ನಿಶಾತ ಕೂತು ಅದೇ ಹಾಡು ಬಾರಿಸಿದಳು. ಅದೇ ಓಟ, ಅದೇ ಎಡವಟ್ಟು. ನಯಾಜ ಹೇಳಿದ್ದೇ ಖರೆ ಇರಬಹುದು ಎನ್ನಿಸಿ ಕೋಲು ಕೆಳಗಿಡಬೇಕೆನ್ನುವಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳು ಖಟಾಖಟ್ ಎಂದು ಎದ್ದವು. ಅವಳ ಕೈ ಅವಳನ್ನು ಕೇಳದೆಯೇ ಆ ಸದ್ದಿನೊಳಗೆ ಹೋಗಿ ಕೂತಿತು. ಹಾಡು ಆದಿಯಿಂದ ಅಂತ್ಯದವರೆಗೆ ಒಂದು ಎಳೆಯೂ ಹರಿಯದೆ ಮುಗಿಯಿತು.

ಆಗ ಅವಳಿಗೆ ತಿಳಿಯಿತು. ಮಗ್ಗದ ಸದ್ದಿಲ್ಲದೆ ಅವಳು ಎಂದೂ ತಾಳ ಹಿಡಿದಿರಲೇ ಇಲ್ಲ. ಮುಂಡರಗಿಯಲ್ಲಿ ಸ್ಟೇಜಿನ ಹಿಂದೆ ಜನರೇಟರ್ ಮಗ್ಗದಂತೆಯೇ ಬಡಿದುಕೊಳ್ಳುತ್ತಿತ್ತು. ಕಾಲೇಜಿನಲ್ಲಿ, ಶಿರಹಟ್ಟಿಯಲ್ಲಿ ಹಾಡು ಓಡಿಹೋಗಿತ್ತು ನಿಜ, ಅದನ್ನು ಎಲ್ಲರೂ ಹುರುಪು ಎಂದುಕೊಂಡಿದ್ದರು. ಕೂಸಿನದೇನೂ ತಪ್ಪಿಲ್ಲ. ಆದರೆ ತಿಳಿದ ಸಂಗತಿ ಸಮಾಧಾನ ಕೊಡಲಿಲ್ಲ. ಹಾಗಾದರೆ ಇಷ್ಟು ದಿನ ಬಾರಿಸಿದ್ದು ಯಾರು?

ಗೆಳತಿಯರಿಗೆ ಹೇಳದೆ ಇರಬಹುದಿತ್ತು. ಅವಳು ಹೇಳಿದಳು. ಪ್ರಿಯಾಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂದ್ರ ನಮ್ಮ ಡ್ರಮ್ಮರ್ ಮಗ್ಗ ಏನಲೇ? ಅದಕ್ಕೊಂದ ಹಾರ ಹಾಕೂಣು ನಡಿ."

ಅಫ್ರೀನ ನಗಲಿಲ್ಲ. ಸುಭಾಷನನ್ನೇ ಇಲ್ಲಿಗೆ ಕರೆಸಿ ಮಗ್ಗ ನಡೆಯುವಾಗಲೇ ರೆಕಾರ್ಡ್ ಮಾಡಿಸೋಣ, ಸದ್ದು ಬಿದ್ದರೆ ಬೀಳಲಿ ಎಂದಳು. ಬೇರೆ ದಾರಿ ಇರಲಿಲ್ಲವಾದ್ದರಿಂದ ನಿಶಾತ ಒಪ್ಪಿಕೊಂಡಳು. ಗೋಡೆ ಹಿಡಿದು ನಿಲ್ಲುವ ಕೂಸಿಗೆ ನಡೆಯಲು ಬರುತ್ತದೆಂದು ಯಾವ ತಾಯಿಯೂ ಹೇಳುವುದಿಲ್ಲ. ಮಗ್ಗ ಹಿಡಿದು ಬಾರಿಸುವ ತಾನೂ ಹಾಗೆಯೇ ಎಂದುಕೊಂಡಳು.

ಅಲ್ಲಾಸಾಬ ಹಾಕಿದ ಕರಾರು ಒಂದೇ: ಹಾಡಿಗಾಗಿ ಮಗ್ಗ ನಿಲ್ಲಿಸುವಂತಿಲ್ಲ. ಬೇಕಾದದ್ದೂ ಅದೇ ಎಂದು ತಿಳಿದಾಗ ಅವನಿಗೆ ಎಲ್ಲೋ ಮೋಸವಿದೆ ಎನ್ನಿಸಿತು. ರವಿವಾರ ಸುಭಾಷ ಬಂದು ತೊಲೆಗೆ ಮೈಕು ಇಳಿಬಿಟ್ಟು, ಕಂಪ್ಯೂಟರಿನ ಮೇಲೆ ನೂಲಿನ ಧೂಳು ಕೂರದಂತೆ ಟವೆಲ್ಲು ಹೊದಿಸಿದ. ಅವನ ವೈರುಗಳನ್ನು ದಾಟಲಾರದೆ ಅಲ್ಲಾಸಾಬ ಹೊರಗೆ ಹೋಗಿ ಕಟ್ಟೆಯ ಮೇಲೆ ಯಮನೂರಪ್ಪನ ಪಕ್ಕ ಕೂತ. ನಯಾಜ ಮುನ್ನಿಯನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ಅಡ್ಡಾಡತೊಡಗಿದ. ಕಂಡಿಕೆ ಬದಲಿಸುವ ಕೆಲಸ ಅಲ್ಮಾಸಬಿಯದು.

ಮೂರು ಹಾಡು ಸಲೀಸಾಗಿ ಆದವು. ನಾಲ್ಕನೆಯದು ಲಕ್ಷ್ಮೇಶ್ವರದ ಬಸ್ಸಿನ ಹಾಡು. ಪ್ರಿಯಾಂಕಾ ಊರಿಗೆ ಹೋಗಿ ಬರುವ ಬಸ್ಸಿನಲ್ಲಿ ನಿಂತುಕೊಂಡೇ, ಗದ್ದಲದಲ್ಲಿ ಮೈಮೇಲೆ ಕೈ ಹಾಕುವ ಗಂಡಸರ ಮೇಲೆ ಕಟ್ಟಿದ್ದು.

ಕೈ ಎಲ್ಲಿಟ್ಟಿ ಮಾಮಾ, ಕೈ ಎಲ್ಲಿಟ್ಟಿ?
ಕಂಬಿ ಮ್ಯಾಲೈತಿ, ನೀ ಎಲ್ಲಿ ಹುಡುಕತಿ?

ಎರಡನೆಯ ಸಲ 'ಕೈ ಎಲ್ಲಿಟ್ಟಿ' ಎನ್ನುವಾಗ ಕರೆಂಟ್ ಹೋಯಿತು. ಅದು ಹೋಗುವ ವೇಳೆಯೇ ಅಲ್ಲ. ಮಗ್ಗಗಳು ಒಂದೊಂದಾಗಿ ಉಸಿರುಬಿಟ್ಟು ನಿಂತವು. ಗಿಟಾರಿನ ಸ್ಪೀಕರು ಮೂಕವಾಯಿತು, ಕಂಪ್ಯೂಟರು ಕಪ್ಪಾಯಿತು.

ಹುಬ್ಬಳ್ಳಿಯ ಆ ಕೋಣೆ ಇಲ್ಲಿಯವರೆಗೆ ಹಿಂಬಾಲಿಸಿ ಬಂದಂತಿತ್ತು. ನಿಶಾತಳ ಎರಡೂ ಕೋಲು ಮೇಲೆಯೇ ಇದ್ದವು. ತೆರೆದ ಬಾಗಿಲಿನಾಚೆ ಕಟ್ಟೆ ಕಾಣುತ್ತಿತ್ತು, ಕಟ್ಟೆಯ ಮೇಲೆ ತಂದೆ, ಯಮನೂರಪ್ಪ, ಇನ್ನೂ ನಾಲ್ಕಾರು ಗಂಡಸರು. ಮೂರು ವರ್ಷ ಈ ಹಾಡುಗಳ ಒಂದು ಮಾತೂ ಆ ಓಣಿಗೆ ತಿಳಿದಿರಲಿಲ್ಲ. ಮಗ್ಗದ ಸದ್ದು ತಾಳ ಕೊಟ್ಟಿದ್ದಷ್ಟೇ ಅಲ್ಲ, ಮುಸುಕನ್ನೂ ಹೊದಿಸಿತ್ತು. ಈಗ ಎರಡೂ ಇಲ್ಲ. ಕೋಲು ಇಳಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಕರೆಂಟ್ ಹೋಯಿತು, ನಿಂತಿತು. ಅವಳಿಗೆ ಬಾರಿಸಲು ಬರುತ್ತದೋ ಇಲ್ಲವೋ ಎನ್ನುವುದು ಎಂದೆಂದಿಗೂ ಯಾರಿಗೂ ಗೊತ್ತಾಗದೆ ಉಳಿಯುತ್ತದೆ, ಅವಳಿಗೂ ಸಹ.

ಪ್ರಿಯಾಂಕಾ ಬಾಯಿ ಮುಚ್ಚಿರಲಿಲ್ಲ. ಅರ್ಧ ಸಾಲು ಬಾಯಲ್ಲಿಟ್ಟುಕೊಂಡು ಇವಳ ಕಡೆಗೇ ನೋಡುತ್ತಿದ್ದಳು. ಅವಳ ಕೊರಳು ಉಸಿರೆಳೆದುಕೊಳ್ಳುವುದು ನಿಶಾತಳಿಗೆ ಕಂಡಿತು. ಆ ಉಸಿರು ಎಲ್ಲಿ ಇಳಿಯಬೇಕೋ ಅಲ್ಲಿ ಕೋಲು ಇಳಿಸಿದಳು. ಮುಂದಿನದು ಎಲ್ಲಿ ಎಂದು ಮತ್ತೆ ಆ ಕೊರಳನ್ನೇ ನೋಡಿದಳು. ಮೂರು ವರ್ಷ ಮಗ್ಗದ ಕಡೆ ಇದ್ದ ಕಿವಿ ಮೊದಲ ಸಲ ಗೆಳತಿಯ ಕಡೆ ತಿರುಗಿತ್ತು. ಹಾಡು ಎಂದಿಗಿಂತ ನಿಧಾನವಾಗಿ ನಡೆಯಿತು, ಹಾಗಾಗಿ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಾಗಿಲು ದಾಟಿ ಹೋಯಿತು. ದನಿ ಸತ್ತ ಗಿಟಾರನ್ನು ಅಫ್ರೀನ ಬೆನ್ನಿಗೆ ಸರಿಸಿ ಚಪ್ಪಾಳೆ ತಟ್ಟತೊಡಗಿದಳು. ಖಾಲಿಯಾಗುವ ಕಂಡಿಕೆ ಇರಲಿಲ್ಲವಾದ್ದರಿಂದ ಹಾಡು ಮುಗಿಯುವ ಜಾಗದಲ್ಲಿ ಮುಗಿಯಲಿಲ್ಲ. ಪ್ರಿಯಾಂಕಾ ತಾಯಿಯಂತೆ ನಿಂತ ನಿಲುವಿನಲ್ಲೇ ಹೊಸ ಸಾಲು ಕಟ್ಟಿದಳು: ಕಂಡಕ್ಟರನ ಮೇಲೊಂದು, ಕಿಟಕಿ ಪಕ್ಕದ ಮುದುಕನ ಮೇಲೊಂದು, ಕಟ್ಟೆಯ ಮೇಲೆ ಕೂತು ಹಾದುಹೋಗುವವರನ್ನು ಎಣಿಸುವವರ ಮೇಲೊಂದು.

ಮುಗಿದಾಗ ಸುಭಾಷ ತಲೆಗೆ ಕೈಹಚ್ಚಿಕೊಂಡಿದ್ದ. ಇದರಲ್ಲಿ ಒಂದು ಚೂರೂ ಕಂಪ್ಯೂಟರಿಗೆ ಬಿದ್ದಿರಲಿಲ್ಲ. ಇಂದಿಗೂ ಆ ಹಾಡು 'ಕೈ ಎಲ್ಲಿ' ಎನ್ನುವಲ್ಲಿಗೇ ನಿಲ್ಲುತ್ತದೆ. ಲಕ್ಷ್ಮೇಶ್ವರದ ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ಹಾಕಿಸಿಕೊಂಡವರು ಕಾರ್ಡೇ ಕೆಟ್ಟಿದೆ ಎಂದು ಜಗಳ ತೆಗೆದರಂತೆ. ಅದು ಮುಂದಿನ ಮಾತು.

ಆ ಮಧ್ಯಾಹ್ನ ಕಟ್ಟೆಯ ಮೇಲಿದ್ದವರೆಲ್ಲ ಶೆಡ್ಡಿನ ಕಡೆಗೇ ತಿರುಗಿ ಕೂತಿದ್ದರು. ನಯಾಜ ಕೂಸಿನೊಂದಿಗೆ ಶೆಡ್ಡಿನ ಹೊಸ್ತಿಲಿಗೆ ಬಂದು ನಿಂತಿದ್ದ. ಒಳಗೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಕಡೆಗೆ ಯಮನೂರಪ್ಪನ ದನಿ ಕೇಳಿತು.

"ಏ ಅಲ್ಲಾಸಾಬ, ಕರೆಂಟ್ ಇಲ್ದನ ನಿನ್ನ ಮಗ್ಗ ಹೆಂಗ ನಡದಾವೋ?"

"ಮಗ್ಗ ನಿಂತಾವ," ಎಂದ ಅಲ್ಲಾಸಾಬ. "ಅದು ನಮ್ಮ ನಿಶಾತ."

ಎದ್ದು ಬಂದು, ವೈರು ದಾಟಿ, ಮಗ್ಗದ ಲಾಳಿಗಳನ್ನು ತೆಗೆದು ನೋಡಿದ. ಕರೆಂಟ್ ಬರುವುದರೊಳಗೆ ಕಂಡಿಕೆ ತುಂಬಿಸಿ ಇಡಬೇಕೆಂದು ಹೆಂಡತಿಗೆ ಹೇಳಿದ. ಅಲ್ಮಾಸಬಿ ರಾಟಿಯ ಮುಂದೆ ಕೂತಳು. ಸುಭಾಷ ವೈರು ಸುತ್ತತೊಡಗಿದ್ದ.

ನಿಶಾತ ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಕೋಲು ತೆಗೆದುಕೊಂಡಳು.

"ಜಲ್ದಿ ಬಾರಲೇ ಪ್ರಿಯಾ," ಎಂದಳು. "ಕರೆಂಟ್ ಬರೂದ್ರೊಳಗ ಇನ್ನೊಮ್ಮೆ ಬಾರಿಸೂಣು."