ಉಪ್ಪಾಗೆಯ ಲೆಕ್ಕ

"ಸೊನ್ನೆ ಅಂತ ಯಾರು ಹೇಳ್ದೋರು?" ಮಾದಿ ಎದ್ದು ನಿಂತು ಕೇಳಿದಳು.

ಕುಮಟಾದ ಆ ಸಭಾಭವನದಲ್ಲಿ ಅಷ್ಟು ಹೊತ್ತಿಗೆ ಎರಡನೇ ಸುತ್ತಿನ ಚಹಾ ಮುಗಿದಿತ್ತು. ಪರದೆಯ ಮೇಲೆ ಯಾಣದ ಕಡೆಯ ಕಾಡಿನ ನಕ್ಷೆ ಕೆಂಪು, ಹಳದಿ, ಹಸಿರು ಬಳಿದುಕೊಂಡು ನಿಂತಿತ್ತು. ಅಡಿಕೆ ತೋಟದವರು ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟಗಳಿಗೆ ದಾಖಲೆ ಇತ್ತು, ಹಾಗಾಗಿ ಕೆಂಪು ಬಣ್ಣ ಮರ್ಯಾದೆಯಿಂದ ಅವುಗಳನ್ನು ಸುತ್ತು ಹಾಕಿ ಹೋಗಿತ್ತು. ಕಾಡಂಚಿನ ಕೇರಿಯಾದ ಮಾದಿಯ ಕೊಪ್ಪದ ಮೂವತ್ತೆಂಟು ಮನೆಗಳ ಹಿಂದಿನ ಕಾಡಿಗೆ ಯಾವ ಕಾಗದವೂ ಇರಲಿಲ್ಲ. ಅದು ಪೂರ್ತಿ ಕೆಂಪು.

"ನೀವೇ ಹೇಳಿದ್ದಮ್ಮ," ಎಂದ ಸುದರ್ಶನ.

ಸುದರ್ಶನ ಈ ಯೋಜನೆಯ ವಿಜ್ಞಾನಿ, ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟಿ ಮನೆಗೆ ಹೋಗುವುದು ಬಹಳ ಸುಲಭ. ಮಳೆ ದಿಕ್ಕು ತಪ್ಪಿದರೂ ತಾಳಿಕೊಳ್ಳುವ ಕಾಡು, ಆ ಕಾಡಿನ ಪ್ರಾಣಿ, ಅದರ ಮಗ್ಗುಲಿನ ಬಡವರು, ಮೂವರೂ ಉಳಿಯಬೇಕು ಎಂದು ನಾಲ್ಕು ವರ್ಷ ಜಿಗಣೆ ಕಚ್ಚಿಸಿಕೊಂಡು ಓಡಾಡಿದವನು. ಅವನು ಬರೆದ ಪುಸ್ತಕದ ಮುಖಪುಟದಲ್ಲಿ ಮಾದಿಯ ನೆರೆಮನೆಯ ಲಕ್ಕಿ ಮಣಿಸರ ಹಾಕಿಕೊಂಡು ನಗುತ್ತಿದ್ದಳು. ಒಳಗೆ ಇದ್ದದ್ದು ಇಷ್ಟು: ಬರುವ ಜೂನಿನಿಂದ ಕೆಂಪು ಕಾಡಿನಲ್ಲಿ ಯಾರೂ ಉಪ್ಪಾಗೆ ಹಣ್ಣು ಕೊಯ್ಯುವಂತಿಲ್ಲ, ಅದು ಸಿಂಗಳೀಕದ ಮಳೆಗಾಲದ ಊಟ. ಆ ಹಣ್ಣನ್ನೇ ನಂಬಿದ ಮನೆಗಳಿಗೆ ಮಾತ್ರ ಪಾಸು. ಮಾದಿಯ ಕೊಪ್ಪದಲ್ಲಿ ಅಂಥ ಮನೆ ಒಂದೂ ಇಲ್ಲ, ಎಲ್ಲರ ಹೆಸರಿನ ಮುಂದೆಯೂ ಸೊನ್ನೆ.

ಆ ಸೊನ್ನೆ ಒತ್ತಿದವಳು ಅಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ರಂಜಿತಾ, ಮಾದಿಯ ಅಣ್ಣನ ಮಗಳು, ಡಿಗ್ರಿ ಮುಗಿಸಿದ ಅವಳಿಗೆ ಈ ಸಮೀಕ್ಷೆಯದೇ ಮೊದಲ ಕೆಲಸ. ಹೋದ ಜುಲೈಯಲ್ಲಿ ಅವಳು ಪ್ರಶ್ನೆ ಕೇಳಲು ಬಂದಾಗ ಮಾದಿಯ ಒಲೆಯ ಮೇಲಿನ ಬಿದಿರ ತಟ್ಟಿಯ ತುಂಬ ಮಾರುವ ಉಪ್ಪಾಗೆ ಸಿಪ್ಪೆ ಒಣಗುತ್ತಿತ್ತು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. "ಎಷ್ಟು ಸಿಕ್ತು ಅತ್ತೆ?" ಎಂದರೆ ಮಾದಿ, "ಎಂತದೂ ಇಲ್ಲ ಮಗಾ, ಈ ವರ್ಷ ಒಂದ್ ಹಣ್ಣೂ ಸಿಕ್ಲಿಲ್ಲ," ಎಂದಳು. ಆ ಕೊಪ್ಪದಲ್ಲಿ ಬೇರೆ ಉತ್ತರವೇ ಇಲ್ಲ. ಕಾಡಿನಿಂದ ತಂದದ್ದರ ಲೆಕ್ಕ ಬಾಯಿಬಿಟ್ಟು ಹೇಳಿದರೆ ಕಾಡು ಕಾಯುವ ಜಟಗನ ಕಿವಿಗೆ ಬೀಳುತ್ತದೆ, ಮರುವರ್ಷ ಮರ ಬಂಜೆಯಾಗುತ್ತದೆ. ವ್ಯಾಪಾರಿ ತಕ್ಕಡಿ ಎತ್ತುವಾಗಲೂ ಹೆಂಗಸರು ಮುಖ ತಿರುಗಿಸಿ ನಿಲ್ಲುತ್ತಾರೆ. ಅದೇ ಹೊಗೆಯಲ್ಲಿ ಕೆಮ್ಮುತ್ತ ಬೆಳೆದ ರಂಜಿತಾಗೆ ಇದೆಲ್ಲ ಗೊತ್ತಿತ್ತು. ಆದರೆ ತರಬೇತಿಯಲ್ಲಿ, ಅವರು ಹೇಳಿದ್ದನ್ನಷ್ಟೇ ಬರೆಯಿರಿ, ನಿಮ್ಮ ಊಹೆ ಸೇರಿಸಬೇಡಿ ಎಂದಿದ್ದರು. ನಿಜ ಹೇಳಬೇಕೆಂದರೆ ಜಟಗನ ಹೆದರಿಕೆ ಅವಳಿಗೂ ಇತ್ತು.

"ಮಂಗಕೂ ಸೊನ್ನೆ ಬರ್ದೀರಾ?" ಮಾದಿ ಬಿಡಲಿಲ್ಲ.

"ಇಲ್ಲಮ್ಮ. ಅವು ದಿನಕ್ಕೆಷ್ಟು ತಿನ್ನುತ್ತವೆ ಅಂತ ಮೂರು ವರ್ಷ ಮರದ ಕೆಳಗೆ ಕೂತು ನೋಡಿದ್ದೇವೆ."

"ಹೌದಲ. ಮಂಗನ್ನ ಕೇಳ್ಲಿಲ್ಲ, ನೋಡಿ ಬರ್ಕಂಡ್ರಿ. ನಮ್ಮನ್ನ ನೋಡ್ಲಿಲ್ಲ, ಕೇಳಿ ಬರ್ಕಂಡ್ರಿ."

ಸಭೆ ನಕ್ಕಿತು. ಸುದರ್ಶನನೂ ನಕ್ಕ, ಚೆನ್ನಾಗಿದೆ ಎನಿಸಿ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡ. ಮಾದಿಗೆ ನಗು ಬರಲಿಲ್ಲ. ಗಂಡ ಹೋದ ಮೇಲೆ ಹನ್ನೊಂದು ವರ್ಷ ಅವಳ ಒಲೆ ಉರಿದದ್ದು ಆ ಹಣ್ಣಿನಿಂದ. ಪಾಸು ಇಲ್ಲದಿದ್ದರೆ ಜೂನಿನಿಂದ ಅವಳು ಕಾಡಿನಲ್ಲಿ ಕಳ್ಳಿ.

"ಈಗಲೂ ತಿದ್ದಬಹುದು," ಎಂದ ಸುದರ್ಶನ. "ಅದಕ್ಕೇ ಈ ಸಭೆ. ಆದರೆ ನೀವೇ ಹೇಳಬೇಕು, ಎಲ್ಲರೆದುರು. ಒಂದು ಮಳೆಗಾಲಕ್ಕೆ ಎಷ್ಟು ಬುಟ್ಟಿ ಕೊಯ್ತೀರಿ?"

ಮಾದಿ ಹಿಂದೆ ನೋಡಿದಳು. ಕೊನೆಯ ಸಾಲಿನಲ್ಲಿ ಲಕ್ಕಿ, ಜೊತೆಗೆ ಕೊಪ್ಪದ ನಾಲ್ಕು ಹೆಂಗಸರು ತಲೆ ತಗ್ಗಿಸಿ ಕುಳಿತಿದ್ದರು. ರಂಜಿತಾ ಎದ್ದು ಬಂದು ಅವಳ ಕಿವಿಯ ಹತ್ತಿರ ಬಗ್ಗಿದಳು.

"ಹೇಳೇ ಅತ್ತೆ. ನಾನೇ ತಿದ್ದಿ ಬರಿತೆ. ಹೇಳಿದ್ರೆ ಪಾಸು ಸಿಕ್ತದೆ."

"ಹೇಳುಕಾಗುದಿಲ್ಲ ಮಗಾ. ನಿಂಗೊತ್ತಿಲ್ವಾ?"

"ಜಟಗಂಗೆ ಕುಮಟೆವರೆಗೂ ಕಿವಿ ಕೇಳ್ತದಾ?"

ತಮಾಷೆಗೆಂದೇ ಅಂದದ್ದು. ಮಾದಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅರವತ್ತು ಹೆಡಿಗೆ."

ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಎಂದರು. ಒಮ್ಮೆ ಕಟ್ಟು ಬಿಚ್ಚಿದ ಮಾತು ನಿಲ್ಲಲಿಲ್ಲ. ಬಿದ್ದದ್ದನ್ನು ಹೆಕ್ಕುತ್ತೇವೆ, ಮಂಗ ಬರುವ ಮೊದಲೇ ಕೊಕ್ಕೆ ಹಾಕಿ ಕಾಯಿಯನ್ನೂ ಕೊಯ್ಯುತ್ತೇವೆ, ಎಲ್ಲ ಮನೆಯವರೂ ಅಷ್ಟೇ ಎಂದುಬಿಟ್ಟಳು. ಸುಳ್ಳು ಹೇಳಿ ಅಭ್ಯಾಸವಿದ್ದದ್ದು ಆ ಒಂದು ವಿಷಯದಲ್ಲಿ ಮಾತ್ರ. ಅದೂ ಹೋಯಿತು.

ಸುದರ್ಶನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನ ಮುಖ ಬಾಡಿತು. ಮೊಬೈಲ್ ತೆಗೆದು ಅರವತ್ತನ್ನು ಮೂವತ್ತೆಂಟರಿಂದ ಗುಣಿಸಿದ. "ಇಷ್ಟು ಹೋದರೆ ಸಿಂಗಳೀಕಕ್ಕೆ ಉಳಿಯುವುದೇನು?" ಎಂದು ತನಗೇ ಎಂಬಂತೆ ಹೇಳಿ, ಮೊಬೈಲನ್ನು ಪಕ್ಕದಲ್ಲಿದ್ದ ಅರಣ್ಯಾಧಿಕಾರಿಯ ಕಡೆಗೆ ತಿರುಗಿಸಿದ. ಅಧಿಕಾರಿ ಕನ್ನಡಕ ಏರಿಸಿ ನೋಡಿದರು.

"ಈ ಕೊಪ್ಪದ ಪಾಸಿನ ವಿಚಾರ ಸದ್ಯ ಬೇಡ. ಮೊದಲು ಇದರ ತನಿಖೆ ಆಗಲಿ."

ಬೆಳಿಗ್ಗೆ ಏನೂ ಕೊಯ್ಯದವರೆಂದು ಪಾಸು ಇರಲಿಲ್ಲ. ಈಗ ವಿಪರೀತ ಕೊಯ್ಯುವವರೆಂದು ಇಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಮಾದಿಗೆ ಇದು ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಅಳಿಸು ಮಗಾ," ಎಂದಳು, ಲ್ಯಾಪ್‌ಟಾಪಿನ ಮುಂದೆ ಮರಳಿ ಕುಳಿತಿದ್ದ ರಂಜಿತಾಗೆ. "ಮೊದ್ಲಿದ್ದ ಹಂಗೇ ಸೊನ್ನೆ ಹಾಕು."

"ಆತಲ ಅತ್ತೆ, ಬರ್ದು ಕಳ್ಸಾತು," ಎಂದಳು ರಂಜಿತಾ.

ಮೂರೂವರೆಯ ಬಸ್ಸು ತುಂಬಿತ್ತು. ಲಕ್ಕಿಯ ಪಕ್ಕ ಒಂದು ಜಾಗ ಖಾಲಿ ಇತ್ತು. ಮಾದಿ ಹತ್ತಿರ ಬಂದದ್ದೇ ಲಕ್ಕಿ ಕಾಲ ಬಳಿಯ ಚೀಲ ಎತ್ತಿ ಅಲ್ಲಿಟ್ಟಳು.

"ಜನ ಉಂಟು," ಎಂದಳು. ಆಮೇಲೆ ಮುಂದಿನ ಸೀಟಿನವಳಿಗೆ, "ಅಜ್ಜಿ ಕಾಲದಿಂದ ಬಾಯಿ ಕಟ್ಕಂಡ್ ಬಂದದ್ದು. ನಮ್ಮನೀದೂ ಸೇರ್ಸಿ ಹೇಳುಕೆ ಇವಳ್ಗೆ ಯಾರು ಹೇಳ್ದೋರು?"

ಮಾದಿ ಮೇಲಿನ ಸರಳು ಹಿಡಿದು ನಿಂತಳು. ಹಿಂದಿನಿಂದ ರಂಜಿತಾ ಎದ್ದು, "ಇಲ್ಲಿ ಕುಂತ್ಕ ಅತ್ತೆ," ಎಂದು ಎರಡು ಸಲ ಕರೆದಳು. ಮಾದಿ ತಿರುಗಲಿಲ್ಲ. ದಿವಗಿಯಲ್ಲಿ ಬಸ್ಸು ನಿಂತಿತು, ಆ ಜಾಗಕ್ಕೆ ಯಾರೂ ಬರಲಿಲ್ಲ. ಕತಗಾಲದಲ್ಲಿ ಅರ್ಧ ಬಸ್ಸು ಇಳಿಯಿತು. ಲಕ್ಕಿ ಚೀಲ ತೆಗೆಯಲಿಲ್ಲ, ಮಾದಿ ನಿಂತೇ ಇದ್ದಳು.