ಜನಾಜಾದ ಹಸಿರು ಬಣ್ಣ

ಮುಂಡರಗಿಯಲ್ಲಿ ಹಳೆಯ ಕುರ್ಚಿ, ಮಂಚಗಳಿಗೆ ಪಾಲಿಶ್ ಮಾಡಿ ಬದುಕುತ್ತಿದ್ದವರು ನಾನು ಮತ್ತು ನನ್ನಣ್ಣ ಕರೀಮಸಾಬ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮಸೀದಿಯವರು ಶವ ಹೊರುವ ಜನಾಜಾವನ್ನು ಮನೆಗೆ ಹೊಂದಿಕೊಂಡಿದ್ದ ನಮ್ಮ ಅಂಗಡಿಗೆ ತಂದಿಟ್ಟರು. ಒಳ್ಳೆಯ ಸಾಗವಾನಿ. ಅದರ ಮೇಲೆ ಯಾರೋ ಪುಣ್ಯಾತ್ಮರು ಮೂರು ಸಲ ಹಸಿರು ಪೇಂಟು ಬಳಿದಿದ್ದರು. ಅದನ್ನೆಲ್ಲ ತೆಗೆಯಬೇಕಿತ್ತು.

ಗಾಜಿನ ಚೂರಿನಿಂದ ಕೆರೆದರೆ ನಾಲ್ಕು ದಿನದ ಕೆಲಸ. ಅಣ್ಣ ಗದಗಿನಿಂದ ರಿಮೂವರಿನ ಡಬ್ಬಿ ತಂದ. ಹಚ್ಚಿದ ಹತ್ತು ನಿಮಿಷಕ್ಕೆ ಪೇಂಟು ಬೊಬ್ಬೆಯೆದ್ದು ಬರುತ್ತಿತ್ತು. ಮೊದಲು ಅಂಗಳದಲ್ಲಿ ಒಂದು ಕುರ್ಚಿಗೆ ಹಚ್ಚಿ ನೋಡಿದಾಗ, ಗಾಳಿಯಲ್ಲೂ ನನಗೆ ತಲೆ ಗಿರ್ರೆಂದಿತ್ತು. ಆದರೆ ಖಾಲಿ ಜನಾಜಾ ಬೀದಿಗೆ ಕಾಣಬಾರದೆಂಬುದು ನಮ್ಮ ಓಣಿಯ ರೂಢಿ. ಅದರಲ್ಲೂ ಅತ್ತಿಗೆ ಮೋತಿಬಿ ಬಸುರಿ. ಅಣ್ಣ ಬಾಗಿಲು ಹಾಕಿದ, ಕಿಟಕಿಗೆ ಗೋಣಿಚೀಲ ಕಟ್ಟಿದ. ಕದ ತೆಗೆದಿಡು ಎಂದು ಒಂದು ಸಲ ಹೇಳಿದೆ. ಒಂದೇ ಸಲ. ಆಮೇಲೆ ಪಾಲಿಶಿಗೆ ಬೇಕಾದ ಅರಗು ತರಲು ಪೇಟೆಗೆ ಹೋದೆ.

ತಿರುಗಿ ಬಂದಾಗ ಅಣ್ಣ ನೆಲದ ಮೇಲೆ ಬಿದ್ದಿದ್ದ. ಉಸಿರಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಡಬ್ಬಿಯ ಆವಿಯೇ ಕೊಂದಿತೆಂದು ಡಾಕ್ಟರರು ಹೇಳಿದರು. ಅರ್ಧ ಹಸಿರು, ಅರ್ಧ ಬರಿಗಟ್ಟಿಗೆಯ ಅದೇ ಜನಾಜಾದಲ್ಲಿ ಅವನನ್ನು ಹೊತ್ತೆವು.

ನಾಲ್ಕನೆಯ ದಿನ ಮಸೀದಿಯ ಹಿರಿಯ ಮಹಬೂಬಸಾಬರು ಮನೆಗೆ ಬಂದರು. ಊರಿಗೆ ಇರುವುದು ಅದೊಂದೇ ಜನಾಜಾ, ಡಬ್ಬಿಯಲ್ಲಿ ಇನ್ನೂ ಅರ್ಧ ಇದೆಯಲ್ಲ, ಬಾಗಿಲು ಹಾಕಿಕೊಂಡು ಜಲ್ದಿ ಮುಗಿಸಿಬಿಡು ಗನಿ ಎಂದರು. ನಾಚಿಕೆಗೇಡು, ನಾನು ಹೂಂ ಎಂದೆ. ದೊಡ್ಡವರೆದುರು ನನಗೆ ಬಾಯೇ ಬರುವುದಿಲ್ಲ.

ಅತ್ತಿಗೆ ಇದ್ದತ್ತಿನಲ್ಲಿದ್ದಳು. ಗಂಡ ತೀರಿದ ಬಸುರಿ ಹೆರಿಗೆಯಾಗುವ ತನಕ ಹೊಸ್ತಿಲು ದಾಟುವಂತಿಲ್ಲ. ಪರದೆಯ ಹಿಂದಿನಿಂದಲೇ ಅವಳು ಮಾತಾಡಿದಳು.

"ಕಾಕಾ, ಅದನ್ನ ನಮ್ಮ ಕಟ್ಟಿ ಮ್ಯಾಲ ಇಡಸ್ರಿ. ಗನಿ ಗಾಜಿನ ಚೂರಿಲೆ ಕೆರೀತಾನ. ಆ ಸಪ್ಪಳ ನನಗ ಕೇಳಸ್ತಿರಬೇಕು. ಅದು ನಿಂತ್ರ ನಾ ಹೊರಗ ಬರ್ತೇನಿ."

ಮಹಬೂಬಸಾಬರು ಎದ್ದರು. ಅಂಗಡಿಯಲ್ಲಿದ್ದ ಜನಾಜಾದ ಒಂದು ತುದಿ ಹಿಡಿದು ನನ್ನೊಂದಿಗೆ ಕಟ್ಟೆಗೆ ಹೊತ್ತು ತಂದರು.

ಧೂಳು ಏಳದಂತೆ ನೀರು ಚಿಮುಕಿಸುತ್ತ ಕೆರೆದೆ. ಹೋಗುವವರು ಬರುವವರು ಮುಖ ತಿರುಗಿಸಿದರು. ತಿರುಗಿಸಲಿ. ಎರಡನೆಯ ದಿನ ಗಾಜು ಬೆರಳನ್ನು ಕೊಯ್ದಿತು. ಬಟ್ಟೆ ಸುತ್ತಿಕೊಳ್ಳಲೆಂದು ಕೈ ನಿಲ್ಲಿಸಿದೆ.

ಒಳಗೆ ಅವಳು ತಟ್ಟನೆ ಎದ್ದ ಸದ್ದಾಯಿತು. ಪರದೆ ಅಲುಗಿತು.

"ಅದೀನ್ರಿ ಭಾಬಿ," ಎಂದೆ. "ಇಲ್ಲೇ ಅದೀನಿ."